ನೀರಿನ ಕೋಣೆಗೆ ಹೊಕ್ಕ ಕೆಂಪು ದಾರ

ಹಂಸಗಿರಿ ರಾಜ್ಯದಲ್ಲಿ ಒಂದು ಕೂಡುಮನೆ ಇತ್ತು. ಅದು ಅರಮನೆಯಲ್ಲ, ಗುಡಿಯಲ್ಲ, ಛತ್ರವೂ ಅಲ್ಲ. ರಾಜ್ಯದವರೆಲ್ಲ ಕೂಡಿ ಕೆಲಸ ಮಾಡುವ ಮನೆ. ಕುದುರೆ ಲಾಯದ ಕೆಲಸಕ್ಕೊಂದು ಕೋಣೆ. ದಾರಿ, ಸಾಲುಮರಗಳ ಕೆಲಸಕ್ಕೊಂದು ಕೋಣೆ. ಕೆರೆಯ ನೀರಿಗೊಂದು ಕೋಣೆ. ಒಂದೊಂದು ಕೋಣೆಯ ಗೋಡೆಗೂ ಒಂದೊಂದು ಕರಿಹಲಗೆ. ಆಯಾ ಕೆಲಸ ಬಲ್ಲವರು ಹಲಗೆಯ ಮೇಲೆ ಬರೆಯಬೇಕು, ಉಳಿದವರು ಓದಿ ಅದರಂತೆ ನಡೆಯಬೇಕು. ಹಲಗೆಯಲ್ಲಿ ಇದ್ದದ್ದೇ ರಾಜನ ಮಾತು.

ಹಾಗಾದರೆ ಕಂಡಕಂಡವರೆಲ್ಲ ಒಳಗೆ ನುಗ್ಗಿ ಗೀಚಿದರೆ ಏನು ಗತಿ? ಅದಕ್ಕೇ ಪ್ರತಿ ಬಾಗಿಲಿಗೂ ಒಂದು ಗಿಳಿ ಇತ್ತು. ಒಳಗೆ ಬರುವವರಾಗಲಿ ಹೊರಗೆ ಹೋಗುವವರಾಗಲಿ, ಮುಂಗೈಯಲ್ಲಿ ಯಾವ ಬಣ್ಣದ ದಾರ ಇದೆಯೆಂದು ಗಿಳಿ ನೋಡುತ್ತಿತ್ತು. ಸರಿಯಾದ ಬಣ್ಣವಾದರೆ ಗುಂಪಿನ ಹೆಸರು ಕೂಗಿ ಕೊಕ್ಕಿನಿಂದ ಅಗುಳಿ ಎಳೆಯುತ್ತಿತ್ತು. ಇಲ್ಲವಾದರೆ ಕತ್ತು ಆ ಕಡೆ ತಿರುಗಿಸಿ ಕೂರುತ್ತಿತ್ತು. ಬೇಡಿದರೂ ಅಷ್ಟೆ, ಬೈದರೂ ಅಷ್ಟೆ, ಹಣ್ಣು ತೋರಿಸಿದರೂ ಅಷ್ಟೆ.

ಈ ದಾರ ಕಟ್ಟುವ ಕೆಲಸ ಪುಟ್ಟತಾಯಮ್ಮನದು. ರಾಜರ ಮಾತು, ಅವಳ ಮಾತು ಬಿಟ್ಟು ಬೇರೆ ಯಾರ ಪಾಠವನ್ನೂ ಗಿಳಿಗಳು ಕಲಿಯುತ್ತಿರಲಿಲ್ಲ. ಯಾರು ಯಾವ ಗುಂಪು, ಯಾವ ಗುಂಪಿಗೆ ಯಾವ ಬಣ್ಣ, ಯಾವ ಬಣ್ಣಕ್ಕೆ ಯಾವ ಬಾಗಿಲು, ಎಲ್ಲವೂ ಅವಳಿಗೆ ಬಾಯಿಪಾಠ. ಹಸಿರು ದಾರದವರು ಕಿಟಕಿಯ ಹೊರಗೆ ನಿಂತು ಎಲ್ಲ ಹಲಗೆ ಓದಬಹುದು, ಹಳೆಯ ಅಪ್ಪಣೆಗಳ ಓಲೆಗಳನ್ನೂ ಓದಬಹುದು, ಹಲಗೆ ಮುಟ್ಟುವಂತಿಲ್ಲ. ಹಳದಿ ದಾರದವರು ಲಾಯದ ಕೋಣೆಯಲ್ಲಿ ಬರೆಯಬಹುದು. ನೀಲಿ ದಾರ ಮೂವರು ನೀರಗಂಟಿಗಳದು. ಕೆರೆಯ ತೂಬು ಎತ್ತಿ ಇಳಿಸಿ, ಯಾವ ಊರಿಗೆ ಯಾವ ದಿನ ನೀರು ಎಂದು ಸರದಿ ಬರೆಯುವವರು ಅವರು. ಕೆಂಪು ದಾರ ಹಜಾರದ ದೀಪಗಳಿಗೆ ಎಣ್ಣೆ ಹಾಕುವ ಐವರು ಹೆಂಗಸರದು. ಅದಕ್ಕೆ ಎಣ್ಣೆಯ ಉಗ್ರಾಣ ಬಿಟ್ಟರೆ ಬೇರೆ ಬಾಗಿಲು ತೆರೆಯುತ್ತಿರಲಿಲ್ಲ. ಪುಟ್ಟತಾಯಮ್ಮ ಹಾಗೆಂದು ತಿಳಿದಿದ್ದಳು.

"ಹನ್ನೆರಡು ವರ್ಷವಾಯಿತು, ನನ್ನ ಕೈಯಲ್ಲಿ ಒಂದು ದಾರ ತಪ್ಪಿಲ್ಲ" ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದು ನಿಜವೂ ಆಗಿತ್ತು.

ಆ ರಾಜ್ಯದಲ್ಲಿ ತ್ರಿಪುರಯ್ಯ ಎಂಬ ಕಿರಿಯ ಮಂತ್ರಿಯಿದ್ದ. ನಾಲಿಗೆ ಬೆಣ್ಣೆ, ಕಣ್ಣು ಹದ್ದು. ಒಂದು ದಿನ ಅವನು ಪುಟ್ಟತಾಯಮ್ಮನ ಹತ್ತಿರ ಬಂದ.

"ಪುಟ್ಟತಾಯಮ್ಮನವರೇ, ಮಂತ್ರಿಯಾದವನಿಗೆ ರಾಜ್ಯದ ಹಲಗೆ ಓದುವ ಭಾಗ್ಯವೂ ಇಲ್ಲವೇ?"

ಕೇಳಿದ್ದು ನ್ಯಾಯವೇ. ಅವಳು ಹಸಿರು ದಾರ ಕಟ್ಟಿದಳು.

ಇನ್ನೊಂದು ದಿನ ಮತ್ತೆ ಬಂದ. "ರಾಜರು ಲಾಯದ ಉಸ್ತುವಾರಿ ನನಗೆ ಕೊಟ್ಟಿದ್ದಾರೆ ತಾಯಿ. ಬರೆಯದೆ ಕೆಲಸ ಹೇಗೆ ಮಾಡಲಿ?"

ಅದೂ ನ್ಯಾಯವೇ. ಅವಳು ಹಳದಿ ದಾರ ಕಟ್ಟಿದಳು.

ಮತ್ತೊಂದು ದಿನ ಅವನು ಮೂರನೆಯ ಸಲ ಬಂದ. "ಎಣ್ಣೆಯ ಉಗ್ರಾಣದಲ್ಲಿ ಇಲಿ ಸೇರಿವೆಯಂತೆ. ನಾನೇ ಒಳಗೆ ಹೋಗಿ ನೋಡಬೇಕು. ಎರಡೇ ದಿನಕ್ಕೆ ಕೆಂಪು ದಾರ ಕೊಡಿ. ಮೂರನೆಯ ದಿನ ನಾನೇ ಬಿಚ್ಚಿ ತಂದು ನಿಮ್ಮ ಕೈಗಿಡುತ್ತೇನೆ."

ಪುಟ್ಟತಾಯಮ್ಮನಿಗೆ ನಗು ಬಂತು. "ಮಂತ್ರಿಗಳಿಗೆ ಇಲಿ ಹಿಡಿಯುವ ಕೆಲಸವೂ ಬಂತೇ!" ಎಂದಳು. ಎಣ್ಣೆಯ ಮನೆಯಲ್ಲಿ ಕದಿಯುವುದೇನಿದೆ ಎಂದುಕೊಂಡು ಕೆಂಪು ದಾರವನ್ನೂ ಕಟ್ಟಿದಳು.

ಎರಡು ದಿನ ಕಳೆಯಿತು. ಎರಡು ವಾರ ಕಳೆಯಿತು. ಎರಡು ತಿಂಗಳು ಕಳೆಯಿತು. ದಾರ ಅವನೂ ತರಲಿಲ್ಲ, ಇವಳೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಕೂಡುಮನೆಯ ಮುಂದೆ ಗದ್ದಲವೋ ಗದ್ದಲ! ಬಾಲಹಳ್ಳಿಯವರು ಗಂಡಸರು ಹೆಂಗಸರೆನ್ನದೆ ಓಡಿ ಬಂದಿದ್ದರು. ಕೆರೆಯ ಕಾಲುವೆಯ ಕಟ್ಟಕಡೆಯ ಊರು ಅದು. ಕಾಲುವೆ ಮೊದಲು ತಲೆಹಳ್ಳಿಗೆ, ಆಮೇಲೆ ನಡುಹಳ್ಳಿಗೆ, ಕೊನೆಗೆ ಬಾಲಹಳ್ಳಿಗೆ. ಎಂಟು ದಿನದ ಸರದಿಯಲ್ಲಿ ಬಾಲಹಳ್ಳಿಗೆ ಮೂರು ದಿನ ಎಂದು ತಾತನ ಕಾಲದಿಂದ ನಡೆದು ಬಂದಿತ್ತು.

"ನಮ್ಮ ಮೂರು ದಿನ ಎಲ್ಲಿ ಹೋಯಿತು ಸ್ವಾಮಿ? ಭತ್ತ ಹಾಲುಗಟ್ಟುತ್ತಿದೆ! ಈ ಸರದಿ ತಪ್ಪಿದರೆ ತೆನೆಯೆಲ್ಲ ಜೊಳ್ಳು!"

ಎಲ್ಲರೂ ನೀರಿನ ಕೋಣೆಯ ಕಿಟಕಿಗೆ ಮುತ್ತಿಕೊಂಡರು. ಹಸಿರು ದಾರದವನೊಬ್ಬ ಓದಿ ನೋಡಿದ. ಹಲಗೆಯಲ್ಲಿ ಬಾಲಹಳ್ಳಿಯ ಹೆಸರೇ ಇಲ್ಲ! ಆ ಮೂರು ದಿನವೂ ತಲೆಹಳ್ಳಿಗೆ ಸೇರಿತ್ತು. ತಲೆಹಳ್ಳಿಯ ಮುಕ್ಕಾಲು ಗದ್ದೆ ತ್ರಿಪುರಯ್ಯನ ಮಾವನದು ಎಂಬುದು ಊರಿಗೆಲ್ಲ ಗೊತ್ತು. ಆದರೆ ಬಾಯಿ ಬಿಡುವವರು ಯಾರು?

ರಾಜ ಇಂದುಶೇಖರ ಬಂದ. ಹಿಂದೆಯೇ ತ್ರಿಪುರಯ್ಯನೂ ಬಂದ.

"ಮಹಾಪ್ರಭು, ನೀರಿನ ಹಲಗೆ ಮುಟ್ಟುವವರು ನೀರಗಂಟಿಗಳು ಮೂವರೇ. ನಾನೇಕೆ ದೂರಲಿ? ಗಿಳಿಯನ್ನೇ ಕೇಳಿ" ಎಂದ ತ್ರಿಪುರಯ್ಯ.

ರಾಜ ಕೇಳಿದ. ಗಿಳಿ ರೆಕ್ಕೆ ಕೊಡವಿ ಹೇಳಿತು: "ನಿನ್ನೆ ನೀರಗಂಟಿ ಬಂದರು. ನೀರಗಂಟಿ ಬರೆದರು. ನೀರಗಂಟಿ ಹೋದರು."

ಮೂವರಲ್ಲಿ ಹಿರಿಯ ಕೆಂಚಯ್ಯ. ಎಪ್ಪತ್ತು ದಾಟಿದ ಮುದುಕ. ಅವನ ಮುಖ ಬೂದಿಯಾಯಿತು. "ಬುದ್ಧಿ, ಏಳು ತಲೆಮಾರಿಂದ ತೂಬು ಕಾದ ಕೈ ಇದು. ನಿನ್ನೆ ನಾವು ಮೂವರೂ ಕೋಡಿಯ ಹತ್ತಿರ ಹೂಳು ತೆಗೆಸುತ್ತಿದ್ದೆವು. ಈ ಕಡೆ ಸುಳಿದೇ ಇಲ್ಲ."

"ಗಿಳಿ ಸುಳ್ಳು ಹೇಳುತ್ತದೆಯೇ ಕೆಂಚಯ್ಯ?" ಎಂದ ರಾಜ. ಕೂಡುಮನೆಯ ಗಿಳಿ ಅಲ್ಲಿಯವರೆಗೆ ಸುಳ್ಳು ಹೇಳಿದ್ದೇ ಇಲ್ಲ.

ರಾಜ ಅಪ್ಪಣೆ ಮಾಡಿದ: ಹೊತ್ತು ಮುಳುಗುವುದರೊಳಗೆ ಮೂವರೂ ರಾಜ್ಯ ಬಿಡಬೇಕು. ನಾಳೆ ಹೊಸ ನೀರಗಂಟಿಗಳು. ಅಲ್ಲಿಯವರೆಗೆ ಹಲಗೆ ಇದ್ದಂತೆ ಇರಲಿ.

"ನನ್ನ ಮಾವನ ಮಗ ಒಬ್ಬನಿದ್ದಾನೆ ಪ್ರಭು, ಬಹಳ ಯೋಗ್ಯ" ಎಂದ ತ್ರಿಪುರಯ್ಯ, ಬಲು ವಿನಯದಿಂದ.

ಪುಟ್ಟತಾಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಂಚಯ್ಯ ಕದ್ದವನಲ್ಲ. ಗಿಳಿ ಸುಳ್ಳು ಹೇಳುವುದಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಜನ ಚದುರಿದ ಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಳಿಯ ಮುಂದೆ ನಿಂತಳು.

"ನಿನ್ನೆ ಯಾರು ಬಂದರು?"

"ನೀರಗಂಟಿ ಬಂದರು."

"ಅವರ ಹೆಸರೇನು?"

"ಹೆಸರು ಕಲಿಸಿಲ್ಲ. ಗುಂಪು ಕಲಿಸಿದ್ದಾರೆ."

ಪುಟ್ಟತಾಯಮ್ಮ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತೊಂದನ್ನು ಕೇಳಿದಳು.

"ನೀನು ಯಾರ್ಯಾರನ್ನು ನೀರಗಂಟಿ ಅನ್ನುತ್ತೀಯೆ?"

ಗಿಳಿ ಪಾಠ ಒಪ್ಪಿಸಿತು. "ನೀಲಿ ದಾರದವರು ನೀರಗಂಟಿ. ಕೆಂಪು ದಾರದವರೂ ನೀರಗಂಟಿ."

ಅಯ್ಯೋ! ಅವಳು ಗಿಳಿಯ ಹತ್ತಿರಕ್ಕೆ ಬಾಗಿದಳು. "ಕೆಂಪು ದಾರ? ಎಣ್ಣೆಯವರು? ನಿನಗೆ ಇದನ್ನು ಕಲಿಸಿದ್ದು ಯಾರು?"

"ಹಿಂದಿನ ರಾಜರು. ಚಳಿಜ್ವರದ ವರ್ಷ. ನೀರಗಂಟಿಗಳೆಲ್ಲ ಮಲಗಿದ್ದರು. ಎಣ್ಣೆಯವರೇ ಸರದಿ ಬರೆಯಲಿ, ಕೆಂಪನ್ನೂ ನೀಲಿಯೊಳಗೆ ಸೇರಿಸು ಅಂದರು. ಸೇರಿಸಿದೆ. ಬಿಡಿಸು ಅಂತ ಯಾರೂ ಅನ್ನಲಿಲ್ಲ."

ಇದು ಪುಟ್ಟತಾಯಮ್ಮ ಈ ಕೆಲಸಕ್ಕೆ ಬರುವ ಮುಂಚಿನ ಕಥೆ. ಜ್ವರ ಬಂತು, ಜ್ವರ ಹೋಯಿತು, ಅಪ್ಪಣೆ ಮಾತ್ರ ಉಳಿಯಿತು! ಹಸಿರು ದಾರ ಕಟ್ಟಿಕೊಂಡು ಹಳೆಯ ಓಲೆಗಳನ್ನೆಲ್ಲ ಓದಿದವನಿಗೆ ಅದು ಸಿಕ್ಕಿರಬೇಕು. ಐವರು ಎಣ್ಣೆಯ ಹೆಂಗಸರೂ ಬಾಲಹಳ್ಳಿಯವರು. ತಮ್ಮ ಗದ್ದೆಯ ನೀರನ್ನು ತಾವೇ ಯಾರಾದರೂ ಕಡಿಯುತ್ತಾರೆಯೇ? ಉಳಿದ ಕೆಂಪು ದಾರ ಒಂದೇ. ಅದನ್ನು ಕಟ್ಟಿದ ಕೈ ತನ್ನದೇ.

ಅವಳು ಓಡಿದಳು. ಐವತ್ತೆಂಟರ ಹೆಂಗಸು, ಎಂದೂ ನಡಿಗೆಯ ಗತ್ತು ಬಿಡದವಳು, ಅರಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು! ರಾಜನ ಮುಂದೆ ನಿಂತು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಕೆಂಪು ದಾರ ತಾನೇ ಕಟ್ಟಿದ್ದನ್ನೂ ಮುಚ್ಚಿಡಲಿಲ್ಲ.

ರಾಜ ಗಡ್ಡ ನೀವಿಕೊಂಡ. "ಸಾಕ್ಷಿ?"

"ಮಧ್ಯಾಹ್ನದವರೆಗೆ ಸಮಯ ಕೊಡಿ ಮಹಾಸ್ವಾಮಿ. ನಾನು ಹೇಳಿದ ಹಾಗೆ ಡಂಗುರ ಹೊಡೆಸಿ. ಸಾಕ್ಷಿ ತಾನಾಗಿ ಕಾಲಿಟ್ಟು ನಡೆದು ಬರುತ್ತದೆ."

ಡಂಗುರ ಮೊಳಗಿತು. "ಕೇಳ್ರಪ್ಪೋ ಕೇಳಿ! ನೀರಿನ ಹಲಗೆಯ ಬರಹ ಯಾರ ಕೈಯದು ಎಂದು ನೋಡಲು ಅಕ್ಷರ ಬಲ್ಲ ಪಂಡಿತರು ಬಂದಿದ್ದಾರೆ! ಅರಮನೆಯಲ್ಲಿ ಊಟಕ್ಕೆ ಕೂತಿದ್ದಾರೆ! ಊಟ ಮುಗಿದ ಕೂಡಲೇ ಹಲಗೆ ನೋಡುತ್ತಾರೆ! ನೀರಗಂಟಿಗಳು ಗಂಟು ಕಟ್ಟಲು ಮನೆಗೆ ಹೋಗಿದ್ದಾರೆ!"

ಊಟಕ್ಕೆ ಕೂತಿದ್ದ ತ್ರಿಪುರಯ್ಯ ತುತ್ತನ್ನು ಎಲೆಗೇ ಬಿಟ್ಟ. ಆದರೆ ತಲೆ ಚುರುಕು ನೋಡಿ! 'ಹಲಗೆ ಒರೆಸಿಬಿಟ್ಟರೆ ಬರಹವೂ ಇಲ್ಲ, ಸಾಕ್ಷಿಯೂ ಇಲ್ಲ. ಗಿಳಿ ಮತ್ತೆ ನೀರಗಂಟಿ ಬಂದರು ಅನ್ನುತ್ತದೆ. ಕಳ್ಳರೇ ಬಂದು ಒರೆಸಿಕೊಂಡು ಹೋದರು ಎಂದು ಜನ ಅನ್ನುತ್ತಾರೆ. ಒಂದೇ ಕಲ್ಲಿಗೆ ಎರಡು ಹಣ್ಣು!' ಎಲೆಯ ಮುಂದಿನಿಂದ ಎದ್ದವನೇ ಒಂದು ಬಟ್ಟೆ ನೆನೆಸಿ ಹಿಂಡಿ ನಡುವಿಗೆ ಸಿಕ್ಕಿಸಿಕೊಂಡ.

ಅತ್ತ ನೀರಿನ ಕೋಣೆಯ ಪಕ್ಕದ ಹಜಾರದಲ್ಲಿ ಪರದೆಯ ಹಿಂದೆ ರಾಜ ಕೂತಿದ್ದ. ಅವನ ಮುಂದೆ ಮೂವರು ನೀರಗಂಟಿಗಳು. ಅವರು ಮನೆಗೇ ಹೋಗಿರಲಿಲ್ಲ. ಪುಟ್ಟತಾಯಮ್ಮ ಒಬ್ಬೊಬ್ಬರ ಮುಂಗೈಯಿಂದ ನೀಲಿ ದಾರ ಬಿಚ್ಚಿ ರಾಜನ ಪಾದದ ಹತ್ತಿರ ಇಟ್ಟಳು. ಒಂದು. ಎರಡು. ಮೂರು.

"ಮಹಾಸ್ವಾಮಿ, ಈಗ ಲೋಕದಲ್ಲಿ ನೀಲಿ ದಾರ ಕಟ್ಟಿಕೊಂಡವರು ಒಬ್ಬರೂ ಇಲ್ಲ."

ಕೆಂಚಯ್ಯ ಬರಿಗೈ ಸವರಿಕೊಂಡ. "ಹುಟ್ಟಿದಾಗಿನಿಂದ ಈ ಕೈ ಇಷ್ಟು ಹಗುರ ಆಗಿರಲಿಲ್ಲ ಕಣವ್ವ" ಎಂದು ಪಿಸುಗುಟ್ಟಿದ.

"ಸುಮ್ಮನಿರಿ ಕೆಂಚಣ್ಣ, ಉಸಿರೂ ಬಿಡಬೇಡಿ!"

ಎಲ್ಲರೂ ಕಿವಿ ನೆಟ್ಟಗೆ ಮಾಡಿದರು. ಹೆಜ್ಜೆ ಸದ್ದಾಯಿತು. ಬಾಗಿಲ ಮುಂದೆ ನಿಂತಿತು. ಗಿಳಿ ಗಟ್ಟಿಯಾಗಿ ಕೂಗಿತು:

"ನೀರಗಂಟಿ ಬಂದರು!"

ಅಗುಳಿ ಕಿರ್ರೆಂದಿತು. ರಾಜ ಪಾದದ ಹತ್ತಿರದ ಮೂರು ನೀಲಿ ದಾರ ನೋಡಿದ. ಮೂವರು ನೀರಗಂಟಿಗಳ ಮುಖ ನೋಡಿದ. ಅವನ ಕಣ್ಣು ಕೆಂಪಾಯಿತು. ಏಳಹೊರಟವನನ್ನು ಪುಟ್ಟತಾಯಮ್ಮ ಕೈಸನ್ನೆಯಲ್ಲೇ ತಡೆದಳು. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಗಿಳಿಯ ಕಿವಿಯಲ್ಲಿ ಹೇಳಿದಳು: "ಇನ್ನು ಮೇಲೆ ಕೆಂಪು ನೀಲಿಯೊಳಗಿಲ್ಲ. ಕೆಂಪು ಬೇರೆ, ನೀಲಿ ಬೇರೆ."

"ಕೆಂಪು ಬೇರೆ, ನೀಲಿ ಬೇರೆ" ಎಂದು ಗಿಳಿ ಒಪ್ಪಿಸಿತು.

ಒಳಗೆ ತ್ರಿಪುರಯ್ಯ ಸರಸರನೆ ಅರ್ಧ ಹಲಗೆ ಒರೆಸಿದ್ದ. ಹೊರಗೆ ಪಿಸುಮಾತು ಕೇಳಿ, ಅಗುಳಿ ಬಿದ್ದಿದ್ದ ಬಾಗಿಲಿಗೆ ಓಡಿ ಬಂದು ಸಂದಿಯಲ್ಲಿ ಕೈ ಚಾಚಿದ. ಗಿಳಿ ದಾರ ನೋಡಿತು. ಕತ್ತು ಆ ಕಡೆ ತಿರುಗಿಸಿತು.

"ಕೆಂಪು ದಾರಕ್ಕೆ ಈ ಬಾಗಿಲಿಲ್ಲ."

"ಏಯ್, ಈಗ ತಾನೇ ಬಿಟ್ಟೆಯಲ್ಲ! ತೆಗಿ!"

"ಕೆಂಪು ದಾರಕ್ಕೆ ಈ ಬಾಗಿಲಿಲ್ಲ."

"ನಾನು ಮಂತ್ರಿ ಕಣೋ!"

"ಮಂತ್ರಿ ಕಲಿಸಿಲ್ಲ. ಕೆಂಪು ದಾರಕ್ಕೆ ಈ ಬಾಗಿಲಿಲ್ಲ."

ಅಷ್ಟರಲ್ಲಿ ರಾಜ ಕಿಟಕಿಯ ಮುಂದೆ ನಿಂತಿದ್ದ. ಸುತ್ತಲೂ ಬಾಲಹಳ್ಳಿಯವರು ಸೇರಿದರು.

"ಏನು ತ್ರಿಪುರಯ್ಯ, ಒಳಗೇನು ಕೆಲಸ?"

ತ್ರಿಪುರಯ್ಯ ಕೈಯ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದ. "ದೀಪಕ್ಕೆ... ದೀಪಕ್ಕೆ ಎಣ್ಣೆ ಹಾಕೋಣ ಅಂತ ಬಂದೆ ಪ್ರಭು."

ಎಣ್ಣೆಯ ಹೆಂಗಸರಲ್ಲಿ ದ್ಯಾವಕ್ಕ ಬಾಯಿ ಜೋರಿನವಳು. ಅವಳು ಕಿಟಕಿಗೆ ಮುಖ ಒತ್ತಿ ನೋಡಿದಳು. "ನಡುಹಗಲಲ್ಲಿ ಯಾವ ದೀಪ ಬುದ್ಧಿ? ಕೋಣೆಯೊಳಗೆ ದೀಪದ ಗೂಡೇ ಇಲ್ಲವಲ್ಲ! ನಾವು ಮಿಳ್ಳೆಯಲ್ಲಿ ಎಣ್ಣೆ ಹಾಕುತ್ತೀವಿ, ನೀವು ಒದ್ದೆ ಬಟ್ಟೆಯಲ್ಲಿ ಹಾಕುತ್ತೀರಾ?"

ಜನ ಹೋ ಎಂದು ನಕ್ಕರು. ತ್ರಿಪುರಯ್ಯನ ಕೈಯ ಬಟ್ಟೆಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು.

ರಾಜ ಪರದೆಯ ಹಿಂದೆ ಹೋಗಿ ತಾನೇ ಬಾಗಿ ಮೂರು ನೀಲಿ ದಾರ ಎತ್ತಿ ತಂದು ಪುಟ್ಟತಾಯಮ್ಮನ ಕೈಗೆ ಕೊಟ್ಟ. ಅವಳು ಕೆಂಚಯ್ಯನ ಮುಂಗೈಗೆ ಮೊದಲು ಕಟ್ಟಿದಳು. ಮುದುಕ ನೆಟ್ಟಗೆ ನಡೆದು ಹೋದ. ಬಾಗಿಲು ತೆರೆಯಿತು. ಸೀಮೆಸುಣ್ಣ ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದ: ಬಾಲಹಳ್ಳಿಗೆ ಮೂರು ದಿನ, ಇಂದಿನಿಂದ. ತೂಬು ಎದ್ದಿತು. ಹೊತ್ತು ಮುಳುಗುವ ಮುಂಚೆ ನೀರು ಬಾಲಹಳ್ಳಿಯ ಗದ್ದೆ ಮುಟ್ಟಿತು.

ತ್ರಿಪುರಯ್ಯನ ಮೂರು ದಾರಗಳೂ ಹೋದವು, ಮಂತ್ರಿಗಿರಿಯೂ ಹೋಯಿತು. ಸುಗ್ಗಿಯವರೆಗೆ ಬಾಲಹಳ್ಳಿಯ ಕಾಲುವೆಯಲ್ಲಿ ಬುಟ್ಟಿ ಹೊತ್ತು ಹೂಳು ತೆಗೆಯಬೇಕೆಂದು ರಾಜ ಅಪ್ಪಣೆ ಮಾಡಿದ. ಮೇಸ್ತ್ರಿ ಯಾರು ಗೊತ್ತೇ? ಕೆಂಚಯ್ಯ!

ತುಂಬಿದ ಸಭೆಯಲ್ಲಿ ರಾಜ ಪುಟ್ಟತಾಯಮ್ಮನಿಗೆ ಪಟ್ಟೆ ಸೀರೆ ಉಡುಗೊರೆ ಕೊಡಲು ಬಂದ. ಅವಳು ಕೈ ಕಟ್ಟಿ ನಿಂತಳು.

"ಬೇಡ ಮಹಾಸ್ವಾಮಿ. ಎರಡು ದಿನಕ್ಕೆಂದು ಕಟ್ಟಿದ ದಾರ ಎರಡು ತಿಂಗಳು ಬಿಟ್ಟವಳು ನಾನು. ನನ್ನ ಸೋಮಾರಿತನಕ್ಕೆ ಮೂರು ಮನೆ ಊರು ಬಿಡಬೇಕಾಗಿತ್ತು. ಸೀರೆ ಬದಲು ಒಂದು ಅಪ್ಪಣೆ ಕೊಡಿ. ಪ್ರತಿ ಹುಣ್ಣಿಮೆಗೆ ಎಲ್ಲರ ದಾರವನ್ನೂ ಬಿಚ್ಚುತ್ತೇನೆ. ಈಗಲೂ ಬೇಕೇ, ಏಕೆ ಬೇಕು ಎಂದು ಒಬ್ಬೊಬ್ಬರನ್ನೂ ಕೇಳಿ, ಬೇಕಾದವರಿಗಷ್ಟೇ ಕಟ್ಟುತ್ತೇನೆ. ಗಿಳಿಗಳ ಪಾಠವನ್ನೂ ಹೊಸದಾಗಿ ಒಪ್ಪಿಸಿಕೊಳ್ಳುತ್ತೇನೆ."

"ಆಗಲಿ" ಎಂದ ರಾಜ.

"ಹಾಗಾದರೆ ಕೈ ಕೊಡಿ" ಎಂದಳು ಪುಟ್ಟತಾಯಮ್ಮ.

ರಾಜನ ಕೈಯಲ್ಲಿ ಚಿನ್ನದ ದಾರವಿತ್ತು. ಅದಕ್ಕೆ ಎಲ್ಲ ಬಾಗಿಲೂ ತೆರೆಯುತ್ತಿತ್ತು.

"ನನ್ನದೂ?"

"ತಮಗೆ ನೀರಿನ ಸರದಿ ಬರೆಯಲು ಬರುತ್ತದೆಯೇ ಮಹಾಸ್ವಾಮಿ?"

"ಇಲ್ಲ."

"ಕುದುರೆಗೆ ಲಾಳ ಕಟ್ಟಿಸುವ ದಿನ ಗೊತ್ತೇ?"

"ಇಲ್ಲ."

"ಮತ್ತೆ ಬರೆಯುವ ಅಪ್ಪಣೆ ಏಕೆ? ನಾಳೆ ತಮ್ಮ ಕೈಯಿಂದ ಈ ದಾರ ಯಾರಾದರೂ ಕದ್ದರೆ ರಾಜ್ಯದ ಬಾಗಿಲುಗಳೆಲ್ಲ ಅವನದೇ."

ರಾಜ ನಕ್ಕು ಕೈ ಮುಂದೆ ಚಾಚಿದ. ಅವಳು ಚಿನ್ನದ ದಾರ ಬಿಚ್ಚಿ, ಓದುವ ಹಸಿರು ದಾರ ಕಟ್ಟಿದಳು. ರಾಜ ಅದನ್ನು ಎತ್ತಿ ಹಿಡಿದು ಸಭೆಗೆಲ್ಲ ತೋರಿಸಿದ. ಅದನ್ನು ಕಂಡ ಮೇಲೆ 'ನನ್ನದು ಬಿಚ್ಚಬೇಡಿ' ಎನ್ನುವ ಧೈರ್ಯ ಆ ರಾಜ್ಯದಲ್ಲಿ ಯಾರಿಗಿತ್ತು? ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಸಾಲಾಗಿ ನಿಂತು ಕೈ ಚಾಚಿದರು.

ಮಕ್ಕಳೇ, ಈಗಿನ ಕಚೇರಿಗಳಲ್ಲಿ ಗಿಳಿಯ ಜಾಗದಲ್ಲಿ ಕಂಪ್ಯೂಟರ್ ಕೂತಿದೆ, ದಾರದ ಜಾಗದಲ್ಲಿ ಗುಂಪಿನ ಪಟ್ಟಿ ಇದೆ. ಅದೂ ಕಲಿಸಿದ್ದನ್ನೇ ಒಪ್ಪಿಸುತ್ತದೆ, ಮುಖ ನೋಡುವುದಿಲ್ಲ. ಆದ್ದರಿಂದ ನೀತಿ ಇಷ್ಟು: ಅಧಿಕಾರವನ್ನು ಕೆಲಸಕ್ಕೆ ಬೇಕಾದಷ್ಟೇ ಕೊಡು, ಕೆಲಸ ಮುಗಿದ ದಿನವೇ ಹಿಂದಕ್ಕೆ ತೆಗೆದುಕೋ. ಕೊಟ್ಟು ಮರೆತ ಅಪ್ಪಣೆಯೇ ಕಳ್ಳನಿಗೆ ಬಾಗಿಲು.