ಅವರೆಕಾಳು ಹಿತುಕಿದ ಮಗು

"ಗುರುಗಳೇ, ನನ್ನ ಮಗಳಿಗೆ ನಾಲ್ಕು ವರ್ಷ. ಇನ್ನೂ ಮಾತು ಬಂದಿಲ್ಲ. ತುತ್ತು ಹಿಡಿಯಲು ಬೆರಳು ಬಗ್ಗುವುದಿಲ್ಲ. ಅವಳ ಬಾಯಿ, ಕೈ ಎಲ್ಲ ನಾನೇ ಆಗಿದ್ದೇನೆ. ತಂದೆಯಾದವನು ಇದಕ್ಕಿಂತ ಹೆಚ್ಚು ಏನು ಮಾಡಬೇಕು?" ಎಂದು ಶಿಷ್ಯ ಮರುಳಪ್ಪ ಕೇಳಿದ.

"ಮೊದಲು ಕಣ್ಣೊರೆಸಿಕೋ. ಆಮೇಲೆ ಇದನ್ನು ಕೇಳು," ಎಂದರು ಗುರುಗಳು.

ಒಂದೂರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಮಗಳೂ ನಿನ್ನ ಮಗಳ ಹಾಗೆಯೇ. ಮಗು 'ಉಂ' ಎಂದರೆ ತಾಯಿ ನೀರು ಕೊಡುವಳು, ಬೆಲ್ಲದ ಡಬ್ಬಿಯತ್ತ ನೋಡಿದರೆ ಬೆಲ್ಲ ಕೊಡುವಳು. ಆದರೆ ತಾನು ಸತ್ತರೆ ಈ 'ಉಂ' ಯಾರಿಗೆ ಅರ್ಥವಾದೀತು ಎಂಬ ಭಯ ಅವಳನ್ನು ಹಗಲೂ ಇರುಳೂ ತಿನ್ನುತ್ತಿತ್ತು.

ಪಕ್ಕದ ಬೀದಿಯಲ್ಲಿ ಇಂಥ ಮಕ್ಕಳಿಗೆ ಮಾತು, ಕೈಕೆಲಸ ಕಲಿಸುವ ಮುದುಕಿಯೊಬ್ಬಳಿದ್ದಳು. ಬಳೆಗಾರ್ತಿ ಮಗುವನ್ನೆತ್ತಿಕೊಂಡು ಅಲ್ಲಿಗೆ ಹೋದಳು. ಮುದುಕಿ ತಾಯತ ಕಟ್ಟುತ್ತಾಳೆ ಎಂದುಕೊಂಡಿದ್ದಳು, ಪಾಪ. ಮುದುಕಿಯೋ ನೆನೆಸಿದ ಅವರೆಕಾಳಿನ ಬಟ್ಟಲನ್ನು ಮಗುವಿನ ಮುಂದಿಟ್ಟಳು. ಒಂದು ಕಾಳನ್ನು ಎರಡು ಬೆರಳಲ್ಲಿ ಹಿತುಕಿದಳು. ಸಿಪ್ಪೆ ಬಿಟ್ಟು ಬೇಳೆ ಹಾರಿತು. "ಪಟ್!" ಎಂದು ಹೇಳಿ, ಮಗುವಿನ ಬಾಯಿಯನ್ನೇ ನೋಡುತ್ತ ಕುಳಿತಳು.

ಮಗು ಒಂದು ಕಾಳು ಹಿಡಿಯಿತು. ಜಾರಿತು. ಮತ್ತೆ ಹಿಡಿಯಿತು, ಮತ್ತೆ ಜಾರಿತು. ಬಳೆಗಾರ್ತಿಗೆ ತಡೆಯಲಾಗಲಿಲ್ಲ. ತಾನೇ ಚಕಚಕನೆ ಬಟ್ಟಲಿನ ಕಾಳನ್ನೆಲ್ಲ ಹಿತುಕಿಟ್ಟಳು.

"ಭೇಷ್ ತಾಯಿ, ನಿಮ್ಮ ಬೆರಳು ಚೆನ್ನಾಗಿಯೇ ಇದೆ. ನಾಳೆ ಮಗುವಿಗೆ ಬೇರೆ ನೆನೆಸುತ್ತೇನೆ," ಎಂದಳು ಮುದುಕಿ.

"ಅವಳ ಕೈಲಿ ಆಗುವುದಿಲ್ಲ ಎಂದೇ ಅಲ್ಲವೇ ಅಜ್ಜಿ, ನಿಮ್ಮ ಹತ್ತಿರ ಬಂದದ್ದು?"

"ಇವತ್ತು ಆಗಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ."

ದಿನಾ ಹೋದರು. ಅವರೆಯ ಕಾಲ ಮುಗಿದ ಮೇಲೆ ಮುದುಕಿ ಮಗುವಿನ ಕೈಲಿ ಕಡಲೆಕಾಯಿ ಸುಲಿಸಿದಳು. ಒಂದು ದಿನ ಮಗುವಿನ ತುಟಿ ಕೂಡಿತು. "ಪ" ಎಂದಿತು. ಬಳೆಗಾರ್ತಿ ಹಾರಿ ಎದ್ದು, "ಅಯ್ಯೋ ನನ್ನ ಬಂಗಾರ! ಇನ್ನೊಂದು ಸಲ ಅನ್ನು, ಅನ್ನೇ!" ಎಂದು ಕೂಗಿಕೊಂಡಳು. ಮಗು ಬೆದರಿತು. ಎಂಟು ದಿನ ತುಟಿ ಬಿಚ್ಚಲಿಲ್ಲ ನೋಡು! ಅಂದಿನಿಂದ ಬಳೆಗಾರ್ತಿ ಮುದುಕಿಯ ಪಕ್ಕದಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರತೊಡಗಿದಳು. ಅಳು ಬಂದರೂ ಕೈ ತೆಗೆಯಲಿಲ್ಲ.

ಮತ್ತೆ ಅವರೆಯ ಕಾಲ ಬಂತು. ಈ ಸಲ ಕಾಳು ಜಾರಲಿಲ್ಲ, ಮಗು ತಾನೇ ಹಿತುಕಿತು. ಒಂದು ಮಧ್ಯಾಹ್ನ ಬಳೆಗಾರ್ತಿ ಅನ್ನ ಕಲಸಿ, ತುತ್ತು ಮಾಡಿ ಮಗುವಿನ ಬಾಯಿಗೆ ಒಯ್ದಳು. ಮಗು ಆ ಕೈಯನ್ನು ತಳ್ಳಿತು. ತಟ್ಟೆಗೆ ತನ್ನ ಕೈ ಹಾಕಿತು.

"ನಾನು," ಎಂದಿತು.

ಅರ್ಧ ಅನ್ನ ನೆಲಕ್ಕೆ ಬಿತ್ತು, ಅರ್ಧ ಬಾಯಿಗೆ ಹೋಯಿತು. ಬಳೆಗಾರ್ತಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಂಥ ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನ ಮುಖ ಅರಳಿತ್ತು. "ನಾಳೆಯೇ ನನ್ನ ಮಗಳನ್ನೂ ಅಂಥವರ ಹತ್ತಿರ ಕರೆದೊಯ್ಯುತ್ತೇನೆ. ಕಲಿಯಲು ಎಷ್ಟು ದಿನ ಹಿಡಿದೀತು ಗುರುಗಳೇ?" ಎಂದ.

"ಮಗಳು ಕಲಿಯುತ್ತಾಳೆ. ಕೈಯನ್ನು ತೊಡೆಯ ಕೆಳಗಿಟ್ಟು ಕೂರಲು ನಿನಗೆಷ್ಟು ದಿನ ಹಿಡಿದೀತು, ಅದನ್ನು ಹೇಳು ಮರುಳಪ್ಪ."