ದುರಗ್ಯಾ ಮತ್ತು ಕರೀ ಗೆರೆ

ಹೂಂ ಅನ್ನುವವರು ಹೂಂ ಅನ್ನಿ, ನಗುವವರು ಸ್ವಲ್ಪ ತಡೆದು ನಗಿ. ಹೆದ್ದಾರಿಯ ತಿರುವಿನಲ್ಲಿ ಒಂದು ಊರು. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಮುದುಕಿ, ಅವಳಿಗೆ ದುರಗಪ್ಪ ಅಂತ ಒಬ್ಬನೇ ಮಗ, ಊರವರ ಬಾಯಲ್ಲಿ ದುರಗ್ಯಾ. ವಯಸ್ಸು ಮೂವತ್ತು, ಬುದ್ಧಿ ಮೂರು. ಹಾಲು ನೋಡಿಕೋ ಅಂದರೆ ಉಕ್ಕಿ ಹರಿದು ಒಲೆ ಆರುವ ತನಕ ನೋಡುತ್ತಾ ಕೂರುವವನು.

"ನಾ ಸತ್ತ ಮ್ಯಾಲೆ ಇವಗ ತುತ್ತು ಹಾಕೋರು ಯಾರು?" ಹುಲಿಗೆವ್ವನಿಗೆ ಇದೊಂದೇ ಕೊರಗು. ಗಂಡ ಬಿಟ್ಟುಹೋದದ್ದು ಒಂದು ಹಳೇ ಕ್ಯಾಮೆರಾ. ತಿರುವಿನಲ್ಲಿ ಅಪಘಾತಕ್ಕೇನು ಬರವಿರಲಿಲ್ಲ, ಫೋಟೋ ತೆಗೆಯಲು ಪೊಲೀಸ್ ಠಾಣೆಗೆ ಒಬ್ಬ ಬೇಕಿತ್ತು. ಠಾಣೆಯ ಫೌಜದಾರರ ಕಾಲು ಹಿಡಿದು ಮಗನನ್ನು ಆ ಕೆಲಸಕ್ಕೆ ಹಚ್ಚಿದಳು.

ಮೊದಲ ಸಲ ಕಾರೊಂದು ಸೈಕಲ್ಲಿನವನಿಗೆ ಗುದ್ದಿತು. ದುರಗ್ಯಾ ಓಡಿಹೋಗಿ ಬಿದ್ದವನ ಮುಖದ ಫೋಟೋ ತೆಗೆದ. ತಲೆ ಬಾಚಿ ತೆಗೆದ!

"ಲೇ ಹುಚ್ಚಾ!" ಅಂದರು ಫೌಜದಾರರು. "ಮಾರಿ ತಗೊಂಡು ಏನ್ ಮಾಡ್ಲಿ? ಬ್ರೇಕ್ ಹಾಕಿದಾಗ ಟೈರ್ ಉಜ್ಜಿ ಕರೀ ಗೆರಿ ಬೀಳ್ತೈತಿ. ಅದರ ಉದ್ದ ನೋಡಿ ಗಾಡಿ ಎಷ್ಟು ಜೋರು ಬಂತು ಅಂತ ಲೆಕ್ಕ ಹಾಕ್ತಾರ. ಬಿದ್ದೋರು ಯಾರರ ಇರಲಿ, ನೀ ಗೆರಿ ನೋಡು!"

"ಹೂನ್ರೀ."

ಮುಂದಿನ ಸಲ ಗೆರೆಯನ್ನೇ ತೆಗೆದ. ಮೂಗು ತಾಗುವಷ್ಟು ಹತ್ತಿರ ಬಗ್ಗಿ ತೆಗೆದ. ಫೋಟೋ ತುಂಬ ಬರೀ ಕಪ್ಪು.

"ಇದು ಗೆರಿಯೋ, ಎಮ್ಮಿ ಬೆನ್ನೋ? ಗೆರಿ ಮ್ಯಾಲೆ ಏನರ ಅಳತಿ ಗೊತ್ತಿರೋದು ಇಡಬೇಕಲೇ!"

"ಹೂನ್ರೀ."

ಅಳತೆ ಗೊತ್ತಿರೋದು ಯಾವುದು? ಅವ್ವನ ಸೀರೆ! ಒಂಬತ್ತು ಗಜ ಅಂತ ಊರಿಗೆಲ್ಲ ಗೊತ್ತು. ಕೂಲಿಯವನೊಬ್ಬ ಲಾರಿಗೆ ಸಿಕ್ಕಿ ಸತ್ತ ದಿನ ದುರಗ್ಯಾ ಗೆರೆಯ ಮೇಲೆ ಸೀರೆ ಹಾಸಿ, ನಾಲ್ಕು ಕಡೆ ಕಲ್ಲಿಟ್ಟು ಫೋಟೋ ತೆಗೆದ. ಸೆರಗು, ಅಂಚು, ಎಲ್ಲ ಚೆನ್ನಾಗಿ ಬಂತು. ಗೆರೆ ಸೀರೆಯ ಕೆಳಗೆ ಉಳಿಯಿತು. ಲಾರಿಯವನು ನಿಧಾನ ಬಂದೆ ಅಂದ, ಅಲ್ಲ ಅನ್ನಲು ಸಾಕ್ಷಿಯಿಲ್ಲ. ಸತ್ತವನದೇ ತಪ್ಪಾಯಿತು. ಅವನ ಹೆಂಡತಿ ಠಾಣೆ ಮುಂದೆ ಹಿಡಿ ಮಣ್ಣು ತೂರಿ ಶಾಪ ಹಾಕಿದಳು.

"ಇನ್ನೊಂದು ಸಲ ತಪ್ಪಿದ್ರ ನಿನ್ನ ಕೆಲಸ ಹೋತು!" ಫೌಜದಾರರು ಗುಡುಗಿದರು. "ಗೆರಿ ಬಾಜೂಕ ಟೇಪ್ ಇಡು. ನಾ ಬರೋತನಕ ಯಾವುದನ್ನೂ ಮುಟ್ಟಬ್ಯಾಡ, ಯಾರಿಗೂ ಮುಟ್ಟಾಕ ಬಿಡಬ್ಯಾಡ. ಇದ್ದದ್ದು ಇದ್ದಂಗ ಇರಬೇಕು!"

ಹುಲಿಗೆವ್ವ ಮಗನನ್ನು ಮುಂದೆ ಕೂರಿಸಿಕೊಂಡು ಆ ಮಾತನ್ನು ಗಿಳಿಗೆ ಕಲಿಸಿದಂತೆ ಕಲಿಸಿದಳು. "ಏನ್ ಮಾಡಬಾರದು ಮಗನ?" "ಮುಟ್ಟಬಾರದು." "ಇನ್ನೊಮ್ಮೆ ಹೇಳು." "ಮುಟ್ಟಬಾರದವ್ವಾ."

ಎರಡು ದಿನ ಕಳೆಯಿತು. ಹುಲಿಗೆವ್ವ ನೀರಿನ ಕೊಡ ಹೊತ್ತು ರಸ್ತೆ ದಾಟುತ್ತಿದ್ದಳು. ಕಾರು ಬಂತು. ಕೊಡ ಒಂದು ಕಡೆ, ಮುದುಕಿ ಒಂದು ಕಡೆ.

ದುರಗ್ಯಾ ಕ್ಯಾಮೆರಾ ಹಿಡಿದು ಓಡಿ ಬಂದ.

"ಯಪ್ಪಾ, ಎತ್ತೋ..."

"ಸುಮ್ಕ ಮಲಕ್ಕೋ ಅವ್ವಾ, ಫೌಜದಾರ್ರು ಬರ್ತಾರ."

ಜನ ಎತ್ತಲು ಬಂದರು. ದುರಗ್ಯಾ ಎರಡೂ ಕೈ ಚಾಚಿ ಅಡ್ಡ ನಿಂತ. "ಯಾರೂ ಮುಟ್ಟಬ್ಯಾಡ್ರಿ! ಸಾಹೇಬ್ರ ಹುಕುಂ ಐತಿ!" ಪೊಲೀಸ್ ಕೇಸು ಅಂದರೆ ಯಾರಿಗೆ ಬೇಕು? ಎಲ್ಲರೂ ಹಿಂದೆ ಸರಿದರು. ಆ ಪೆದ್ದನಿಗಾದರೂ ಬುದ್ಧಿಯಿಲ್ಲ ಅನ್ನೋಣ, ಇವರಿಗೇನಾಗಿತ್ತು? ದುರಗ್ಯಾ ಕಾರಿನ ಗೆರೆಯ ಪಕ್ಕ ಟೇಪು ಹಾಸಿದ. ಹತ್ತಿರವೂ ಅಲ್ಲ, ದೂರವೂ ಅಲ್ಲ, ಸರಿಯಾದ ಅಂತರದಲ್ಲಿ ನಿಂತು ಫೋಟೋ ತೆಗೆದ. ಫೌಜದಾರರು ಬರುವಷ್ಟರಲ್ಲಿ ಒಂದು ತಾಸಾಗಿತ್ತು, ಹುಲಿಗೆವ್ವ ನೀರು ಕೇಳುವುದನ್ನೂ ನಿಲ್ಲಿಸಿದ್ದಳು.

ಮಣ್ಣು ಮಾಡಿ ಹನ್ನೊಂದು ದಿನಕ್ಕೆ ಜಿಲ್ಲೆಯಿಂದ ಗೆರೆಯ ಲೆಕ್ಕ ಹಾಕುವ ಸಾಹೇಬರು ಬಂದರು. ಸತ್ತವಳು ಯಾರ ತಾಯಿ ಅಂತ ಗೊತ್ತಿಲ್ಲದ ಮನುಷ್ಯ. "ಕಾರಿನವ ನಲವತ್ತರಾಗ ಬಂದೆ ಅಂತಾನ. ಗೆರಿ ಎಪ್ಪತ್ತು ಅಂತೈತಿ! ಇಂಥಾ ಫೋಟೋ ನಾ ನೋಡೇ ಇಲ್ಲ. ಇವನ ಕೆಲಸ ಖಾಯಂ ಮಾಡ್ರಿ. ಹೋಗಪ್ಪಾ, ಓಡಿ ಹೋಗಿ ನಿಮ್ಮವ್ವಗ ಹೇಳು!"

ಫೌಜದಾರರು ತಲೆ ಎತ್ತಲಿಲ್ಲ.

"ಹೂನ್ರೀ," ಅಂದ ದುರಗ್ಯಾ. ಓಡಿದ. ಮನೆಯಲ್ಲಿ ನೋಡಿದ, ಇಲ್ಲ. ಹಿತ್ತಲಲ್ಲಿ ನೋಡಿದ, ಇಲ್ಲ. ಕೊನೆಗೆ ತಿರುವಿಗೆ ಬಂದು ಕರೀ ಗೆರೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತ.

"ಅವ್ವಾ, ಕೆಲಸ ಖಾಯಂ ಆತು. ಫೌಜದಾರ್ರು ಬಂದು ನೋಡಿ ಹೋದ್ರು, ಇನ್ನ ಏಳು!"

ಲಾರಿಗಳು ಹಾರ್ನ್ ಬಾರಿಸುತ್ತಾ ಸುತ್ತಿ ಹೋದವು. ಅವನು ಕರೆಯುತ್ತಲೇ ಇದ್ದ, ಗೆರೆಗೆ ಕೈ ಮಾತ್ರ ತಾಗಿಸಲಿಲ್ಲ.