ಸೈಲೆನ್ಸರ್ ಓಬಳಾಚಾರಿ ಕೈ ಎತ್ತಿದ್ದು

ಬಹಳ ಹಿಂದೆ, ಜಾಲಿಕೆರೆ ಅಂತ ಒಂದೂರು. ಎಷ್ಟು ಹಿಂದೆ ಅಂತ ಬೆರಳು ಮಡಚೋಕೆ ಹೋಗಬೇಡಿ, ಲೆಕ್ಕ ಸಿಗಲ್ಲ. ಬೈಕುಗಳು ಇನ್ನೂ ಪೆಟ್ರೋಲು ಕುಡಿದು ಗುಡುಗ್ತಿದ್ದ ಕಾಲ ಅಂತ ಇಟ್ಕೊಳ್ಳಿ, ಸಾಕು. ಈಗಿನ ಬ್ಯಾಟರಿ ಗಾಡಿಗಳು ಬಿಡಿ, ಬೆಕ್ಕಿನ ಹಾಗೆ ಬಂದು ಕಾಲಿಗೇ ಸುತ್ಕೊಳ್ತವೆ. ಆಗ ಹಾಗಲ್ಲ. ಬೈಕು ಮೊದಲು ಕಿವಿಗೆ ಬರ್ತಿತ್ತು, ಆಮೇಲೆ ಕಣ್ಣಿಗೆ.

ಆ ಊರಲ್ಲಿ ಓಬಳಾಚಾರಿ ಅಂತ ಒಬ್ಬ ಕಮ್ಮಾರ ಇದ್ದ. ಅವನಜ್ಜ ಎತ್ತಿನ ಗಾಡಿ ಚಕ್ರಕ್ಕೆ ಪಟ್ಟಿ ಹಾಕಿದ, ಅಪ್ಪ ನೇಗಿಲ ಗುಳ ತಟ್ಟಿದ, ಇವನು ಬೈಕಿಗೆ ಸೈಲೆನ್ಸರ್ ಮಾಡ್ತಿದ್ದ. ಸೈಲೆನ್ಸರ್ ಅಂದ್ರೆ ಇಂಜಿನ್ನಿನ ಹೊಗೆ ಆಚೆ ಹೋಗೋ ಕೊಳವೆ. ಬೈಕಿನ ಗಂಟಲು ಅದೇ. ಕಂಪನಿಯವರು ಕೊಟ್ಟ ಗಂಟಲು ಹುಡುಗರಿಗೆ ಹಿಡಿಸ್ತಿರಲಿಲ್ಲ. ಅದನ್ನ ಬಿಚ್ಚಿಸಿ ಬೇರೆ ಹಾಕಿಸ್ಕೊಳ್ಳೋಕೆ ದುರ್ಗದಿಂದ ಬರ್ತಿದ್ರಂತೆ, ದಾವಣಗೆರೆಯಿಂದ ಬರ್ತಿದ್ರಂತೆ, ಹೊಸಪೇಟೆಯಿಂದಲೂ ಬರ್ತಿದ್ರಂತೆ.

ಅವನ ಬಗ್ಗೆ ಜನ ಏನೇನೋ ಹೇಳ್ತಾರೆ. ತಗಡನ್ನ ಉಗುರಲ್ಲಿ ತಟ್ಟಿ, ಇದು ನಗೋ ತಗಡು, ಇದು ಅಳೋ ತಗಡು ಅಂತ ಬೇರೆ ಮಾಡಿ ಇಡ್ತಿದ್ದನಂತೆ. ಜಾಲಿಕೆರೆಯಲ್ಲಿ ಇನ್ನೂರು ಬೈಕಿದ್ರೂ ಒಂದರ ಸದ್ದು ಇನ್ನೊಂದಕ್ಕೆ ಇರಲಿಲ್ಲವಂತೆ. ನಾಯಿಗಳು ಕೂಡ ತಮ್ಮನೆ ಬೈಕಿಗೆ ಬಾಲ ಆಡಿಸಿ ಪಕ್ಕದ ಮನೆ ಬೈಕಿಗೆ ಬೊಗಳ್ತಿದ್ವಂತೆ. ನಾಯಿ ವಿಷಯ ನಾನು ನಂಬ್ತೀನಿ. ಉಳಿದದ್ದು ನಿಮಗೆ ಬಿಟ್ಟಿದ್ದು.

ಆದ್ರೆ ಅವನದೊಂದು ಹಟ ಇತ್ತು. ಬೈಕು ತಂದೋನು ಕೇಳಿದ ಸೈಲೆನ್ಸರ್ ಅವನು ಹಾಕ್ತಿರಲಿಲ್ಲ. ಮೊದಲು ಒಂದೇ ಪ್ರಶ್ನೆ. ಮನೇಲಿ ನಿನ್ನ ಗಾಡಿ ಸದ್ದಿಗೆ ಕಿವಿ ಕೊಟ್ಟು ಕೂತಿರೋರು ಯಾರು? ತಾಯಿಯೋ, ಹೆಂಡ್ತಿಯೋ, ಅಕ್ಕನೋ, ಯಾರಾದ್ರೂ ಸರಿ, ಅವರನ್ನ ಕರ್ಕೊಂಡು ಬಾ. ಸದ್ದು ಆರಿಸೋದು ಅವರು, ನೀನಲ್ಲ. ನೀನು ಅದರ ಮೇಲೆ ಕೂತು ಮುಂದೆ ಹೋಗ್ತಿರ್ತೀಯ, ನಿನಗೇನು ಗೊತ್ತಾಗುತ್ತೆ ಬದನೆಕಾಯಿ, ಅಂತಿದ್ದನಂತೆ.

ಊರ ಮುಂದೆ ಕೆರೆ, ಕೆರೆ ಏರಿ ಮೇಲೇ ರಸ್ತೆ. ಆ ತುದಿಗೆ ಆಲದಮರ, ಈ ತುದಿಗೆ ಆಚಾರಿಯ ಕುಲುಮೆ, ನಡುವೆ ತಿರುವಿನಲ್ಲಿ ಕೆರೆ ನೀರು ಬಿಡೋ ತೂಬಿನ ಕಲ್ಲುಕಂಬ. ಕರ್ಕೊಂಡು ಬಂದೋರು ಆ ಕಂಬದ ಹತ್ರ ರಸ್ತೆಗೆ ಬೆನ್ನು ಹಾಕಿ, ನೀರಿಗೆ ಮುಖ ಮಾಡಿ ನಿಲ್ಲಬೇಕು. ಆಚಾರಿ ಒಂದೊಂದೇ ಸೈಲೆನ್ಸರ್ ಜೋಡಿಸಿ ಕೊಡೋನು. ಹುಡುಗ ಆಲದಮರದಿಂದ ಬೈಕು ತರೋನು. ತಾಯಿಗೆ ಯಾವ ಸದ್ದು ತನ್ನ ಮಗನದು ಅನ್ಸುತ್ತೋ ಆಗ ಅವಳು ತಿರುಗದೆ ಕೈ ಎತ್ತೋಳು. ಮುಗೀತು. ಆ ಸೈಲೆನ್ಸರ್ ಆ ಬೈಕಿಗೆ.

ಈ ಹಟ ಎಲ್ಲಿಂದ ಬಂತು ಅಂದ್ರೆ, ಅವನ ಹೆಂಡ್ತಿ ಮೋನಮ್ಮನಿಂದ. ಆಚಾರಿಗೂ ಒಂದು ಹಳೇ ಬೈಕಿತ್ತು. ಅದರ ಸದ್ದು ಆರಿಸಿದ್ದು ಅವಳೇ. ಅವನು ಕಬ್ಬಿಣ ತರೋಕೆ ಪೇಟೆಗೆ ಹೋಗಿ ಬರುವಾಗ, ಬೈಕು ಆಲದಮರ ದಾಟಿದ ಸದ್ದಿಗೆ ಅವಳು ಹೆಂಚಿನ ಮೇಲೆ ರೊಟ್ಟಿ ಹಾಕೋಳಂತೆ. ಅವನು ಒಳಗೆ ಕಾಲಿಟ್ಟು ಕೈ ತೊಳೆಯೋಷ್ಟರಲ್ಲಿ ರೊಟ್ಟಿ ಉಬ್ಬಿರ್ತಿತ್ತು. ಹೊಸಿಲಲ್ಲೇ, ಬಂದೆಯಾ, ಅನ್ನೋಳು. ಇನ್ನೇನೂ ಇಲ್ಲ, ಅಷ್ಟೇ ಮಾತು. ಮಕ್ಕಳಾಗಲಿಲ್ಲ. ಒಂದು ಬೇಸಗೆಯಲ್ಲಿ ಮೋನಮ್ಮ ಹೋದಳು. ಆವತ್ತು ಮೂಲೆಗೆ ನಿಲ್ಲಿಸಿದ ಬೈಕನ್ನ ಆಚಾರಿ ಮತ್ತೆ ಮುಟ್ಟಲಿಲ್ಲ. ಜನ ಕೇಳಿದ್ರೆ, ಯಾರಿಗೆ ಕೇಳಿಸಲಿ ಅಂತ ಓಡಿಸಲಿ, ಅಂದನಂತೆ. ಕಬ್ಬಿಣಕ್ಕೆ ಬಸ್ಸಲ್ಲಿ ಹೋಗ್ತಿದ್ದ. ಬಸ್ಸಿನ ಸದ್ದು ಯಾರದೂ ಅಲ್ಲ ನೋಡಿ.

ಹೀಗಿರುವಾಗ ಹಾಲೇಶ ಅಂತ ಒಬ್ಬ ಬಂದ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗ್ತಾವಲ್ಲ, ಅದರ ಕಂಬ ಹತ್ತಿ ರಿಪೇರಿ ಮಾಡೋ ಕೆಲಸ ಅವನದು. ಹೊಸಾ ರೇಸ್ ಬೈಕು ತಗೊಂಡಿದ್ದ. ಮುಂದಕ್ಕೆ ಬಗ್ಗಿ ಮಲಗಿದ ಹಾಗೆ ಕೂತು ಓಡಿಸೋ ಬೈಕು, ನುಣ್ಣಗೆ ಕೆಂಪಗೆ ಇತ್ತಂತೆ. ಡಬ್ಬಿಯಲ್ಲಿ ಒಂದು ಸೈಲೆನ್ಸರನ್ನೂ ಹೊತ್ತು ತಂದಿದ್ದ. ಪರದೇಶದ್ದು, ಟೈಟಾನಿಯಂ, ಕಬ್ಬಿಣದ ಅರ್ಧ ತೂಕ, ತುದಿ ನವಿಲುಗರಿ ಬಣ್ಣ. ಇದನ್ನ ಹಾಕಿಕೊಡಿ ಆಚಾರ್ರೆ, ಮೂರೂರಿಗೆ ಕೇಳಿಸಬೇಕು, ಅಂದ. ಆಚಾರಿ ತನ್ನ ಪ್ರಶ್ನೆ ಕೇಳಿದ. ಹಾಲೇಶ ತಲೆ ಕೆರ್ಕೊಂಡ. ನಾಳೆ ದೊಡ್ಡಮ್ಮನ್ನ ಕರ್ಕೊಂಡು ಬರ್ತೀನಿ ಅಂದ.

ಕರ್ಕೊಂಡೂ ಬಂದ. ಯಾರನ್ನ? ಹೈವೇ ಟೋಲ್ ಗೇಟಿನ ಹತ್ರ ಟೀ ಅಂಗಡಿ ಇಟ್ಟಿದ್ದ ಸಣ್ಣನಿಂಗಮ್ಮನ್ನ! ಅವಳಿಗೆ ಒಳ್ಳೇ ಸೀರೆ ಉಡಿಸಿ, ಎರಡನೇ ಸಲ ಬಂದ ಸದ್ದಿಗೆ ಕೈ ಎತ್ತು ಅಂತ ಹೇಳಿಕೊಟ್ಟಿದ್ದ. ಪರದೇಶದ್ದನ್ನ ಎರಡನೇದಾಗಿ ಹಾಕ್ಸಿದ. ಸಣ್ಣನಿಂಗಮ್ಮ ಎರಡನೇದಕ್ಕೆ ಕೈ ಎತ್ತಿದಳು. ಆಚಾರಿ ಮುದುಕನಾದ್ರೂ ಮಂಕಲ್ಲ. ಇನ್ನೊಂದು ಸಲ ನೋಡೋಣ ತಾಯಿ ಅಂತ ಸರದಿ ಬದಲಾಯಿಸಿದ. ಅವಳು ಮತ್ತೆ ಎರಡನೇದಕ್ಕೇ ಕೈ ಎತ್ತಿದಳು. ಈ ಸಲ ಎರಡನೇದು ಕಂಪನಿ ಸೈಲೆನ್ಸರ್! ನೀನು ಇವನ ದಾರಿ ಕಾಯೋಳಲ್ಲಮ್ಮ, ಅಂದ ಆಚಾರಿ. ಸಣ್ಣನಿಂಗಮ್ಮ ನಾಲಿಗೆ ಕಚ್ಕೊಂಡು, ನಾನು ಬೇಡ ಅಂದೆ ಆಚಾರಣ್ಣ, ಇವನು ಕೇಳಲಿಲ್ಲ, ಅಂದಳಂತೆ.

ಹಾಲೇಶನಿಗೆ ಅಲ್ಲಿಯವರೆಗೆ ನಗು ಇತ್ತು, ಆಮೇಲೆ ಇರಲಿಲ್ಲ. ನನಗೆ ಯಾರೂ ಇಲ್ಲ ಆಚಾರ್ರೆ, ಅಂದ. ಮಠದ ಹಾಸ್ಟೆಲಲ್ಲಿ ಬೆಳೆದೋನು. ವಾರವೆಲ್ಲ ಗುಡ್ಡದ ಮೇಲೆ, ಕಂಬದ ತುದೀಲಿ, ಗಾಳಿ ಜೊತೆ. ಶನಿವಾರ ಇಳಿದು ಬಂದು ರೂಮಿನ ಮುಂದೆ ಗಾಡಿ ನಿಲ್ಲಿಸಿ ಬೀಗ ತೆಗೆದ್ರೆ, ಬಂದೆಯಾ ಅನ್ನೋಕೆ ಒಂದು ನರಪಿಳ್ಳೆ ಇಲ್ಲ. ಕಾಯೋರಿಲ್ಲ ಅಂದ್ಮೇಲೆ ದಾರಿಯಲ್ಲಿರೋರಿಗಾದ್ರೂ ಕೇಳಿಸಲಿ ಅಂತ ದೊಡ್ಡ ಸದ್ದು ಬೇಕು ಅಂದೆ, ಅಂದ. ಇಷ್ಟು ಹೇಳೋಷ್ಟರಲ್ಲಿ ಅವನಿಗೆ ಅಳು ಬಂದಿತ್ತು.

ಆಚಾರಿ ಕೈ ಒರೆಸ್ಕೊಂಡ. ಏರಿ ಮೇಲೆ ನಡ್ಕೊಂಡು ಹೋಗಿ ತೂಬಿನ ಕಂಬದ ಹತ್ರ ತಾನೇ ನಿಂತ, ರಸ್ತೆಗೆ ಬೆನ್ನು ಹಾಕಿ. ತಗೊಂಡು ಬಾ, ನಾನು ಕೇಳ್ತೀನಿ, ಅಂದ.

ಕಂಪನಿದು ಬಂತು. ಇದು ಬಾಗಿಲಿಗೆ ಬಂದ ಮೇಲೆ ಗೊತ್ತಾಗುತ್ತೆ, ಅಷ್ಟರಲ್ಲಿ ಹೆಂಚು ಕಾಯೋದೆಲ್ಲಿ ಬಂತು, ಅಂದ. ಪರದೇಶದ್ದು ಬಂತು. ಏರಿಯ ಕೊಕ್ಕರೆಯೆಲ್ಲ ಎದ್ದು ಹಾರಿದ್ವು. ಆಚಾರಿ ತಲೆ ಆಡಿಸಿದ. ಇದು ಕೀರಲು ಸದ್ದು ಮಗಾ, ಗಾಳಿಗೆ ಹೋಗುತ್ತೆ. ಊರಿಗೆಲ್ಲ ಕೇಳಿಸುತ್ತೆ, ಯಾರ ಮನೆಗೂ ಸೇರಲ್ಲ. ಗುಮ್ ಅನ್ನೋ ಸದ್ದು ನೆಲಕ್ಕಿಳಿಯುತ್ತೆ, ನೆಲ ಹಿಡ್ಕೊಂಡು ಮನೆಗೆ ಬರುತ್ತೆ, ಅಂದ. ಆಮೇಲೆ ಏಳು ದಿನ ಕುಲುಮೆ ಬಾಗಿಲು ಹಾಕ್ಕೊಂಡು ಒಂದು ಸೈಲೆನ್ಸರ್ ಮಾಡಿದ. ಅದರೊಳಗೆ ಏನು ಇಟ್ಟ, ಎಷ್ಟು ತೂತು ಕೊರೆದ, ಯಾರಿಗೂ ಗೊತ್ತಿಲ್ಲ. ಮೋನಮ್ಮನ ರೊಟ್ಟಿ ಹೆಂಚು ಕಡಿದು ಹಾಕಿದ ಅನ್ನೋರೂ ಇದ್ದಾರೆ. ಅದು ಸುಳ್ಳು. ಹೆಂಚು ಮುಂದೆ ಕಥೆಯಲ್ಲಿ ಬರುತ್ತೆ.

ಎಂಟನೇ ದಿನ ಬೈಕು ಆಲದಮರ ದಾಟಿತು. ಆಚಾರಿ ಕೈ ಎತ್ತಿದ.

ಅಲ್ಲಿಂದ ಪ್ರತಿ ಶನಿವಾರ ಸಂಜೆ ಅದೇ ನೇಮ. ಹಾಲೇಶ ಗುಡ್ಡ ಇಳಿದು ಏರಿ ಮೇಲೆ ಬರೋನು, ತೂಬಿನ ತಿರುವಿನಲ್ಲಿ ಒಂದು ಗೇರ್ ಇಳಿಸಿ ಒಂದೇ ಒಂದು ಸಲ ಎಕ್ಸಿಲೇಟರ್ ಕೊಡೋನು. ಗುಮ್. ಅಷ್ಟೊತ್ತಿಗೆ ಆಚಾರಿ ಬೆನ್ನು ಹಾಕಿ ನಿಂತು ಕೈ ಎತ್ತಿರೋನು. ಬೈಕು ನಿಲ್ಲುತ್ತಿರಲಿಲ್ಲ. ಮಾತೂ ಇಲ್ಲ. ಇಬ್ಬರೂ ಮಾತಲ್ಲಿ ಬಡವರು. ಹೆಂಗಸರು ಕೇಳಿದ್ರೆ, ಮಾತೇನು ಬೇಕು, ಬಂದ ಅಂತ ಗೊತ್ತಾಯ್ತಲ್ಲ, ಅನ್ನೋನಂತೆ ಆಚಾರಿ. ವಾರದ ಆರು ದಿನ ಆ ಒಂದು ಗುಮ್ಮಿಗೆ ಕಾದು ಕಳೀತಿದ್ದ. ಮುದುಕನಿಗೆ ಮತ್ತೆ ಬದುಕೋಕೆ ಒಂದು ನೆಪ ಸಿಕ್ಕಿತ್ತು.

ಆದ್ರೆ ನಲವತ್ತು ವರ್ಷ ಸುತ್ತಿಗೆ ಸದ್ದು, ಇಂಜಿನ್ನಿನ ಸದ್ದು ತಿಂದ ಕಿವಿ ಅದು. ಮೊದಲು ಹಕ್ಕಿ ಸದ್ದು ಹೋಯ್ತು, ಆಮೇಲೆ ಜನರ ಮಾತು ಹೋಯ್ತು, ಕೊನೆಗೆ ಸುತ್ತಿಗೆ ಹೊಡೆದದ್ದೂ ಕೇಳದಾಯ್ತು. ಬೆನ್ನುನೋವು ಅಂತ ಸುಳ್ಳು ಹೇಳಿ ಆಚಾರಿ ಕುಲುಮೆ ಮುಚ್ಚಿದ. ಗೊತ್ತಾಗಿದ್ದು ಸಣ್ಣನಿಂಗಮ್ಮನಿಗೆ ಮಾತ್ರ. ಟೀ ಕುಡಿಯೋಕೆ ಬಂದವನ ಬೆನ್ನ ಹಿಂದೆ ಹಿತ್ತಾಳೆ ಕೊಳಗ ಬಿದ್ದು ಉರುಳಿದ್ರೂ ಅವನು ಬೆಚ್ಚಲಿಲ್ಲ. ಅವಳ ಕೈ ಹಿಡ್ಕೊಂಡು, ಹಾಲೇಶಂಗೆ ಮಾತ್ರ ಹೇಳಬೇಡಮ್ಮ ಅಂದನಂತೆ. ನಮ್ಮಿಬ್ಬರಿಗೂ ಇರೋದು ಆ ಸದ್ದೊಂದೇ, ನನಗೆ ಕೇಳಲ್ಲ ಅಂತ ಗೊತ್ತಾದ್ರೆ ಅವನು ಯಾಕೆ ಬರ್ತಾನೆ, ಅಂದ. ಅವನಿಗಿದ್ದ ಭಯ ಅದೊಂದೇ.

ಶನಿವಾರ ಹೊತ್ತು ನೋಡಿ ಅಂದಾಜಿಗೇ ಕೈ ಎತ್ತೋನು. ಹಾಗೊಂದು ಶನಿವಾರ ಸುಸ್ತಾಗಿ ತೂಬಿನ ಕಂಬಕ್ಕೆ ಕೈಯೂರಿ ನಿಂತಿದ್ದ. ಕಲ್ಲು ಅಂಗೈಯಲ್ಲಿ ಗುಮ್ ಅಂತು. ಗಬ್ಬದ ಹಸು ಹೊಟ್ಟೆ ಮೇಲೆ ಕೈಯಿಟ್ಟು ಕರು ಆಡೋದು ನೋಡ್ತಾರಲ್ಲ, ಹಾಗೆ. ನೆಲ ಹಿಡ್ಕೊಂಡು ಬರೋ ಸದ್ದಲ್ವೇ! ಆಚಾರಿ ಕೈ ಎತ್ತಿದ. ಅವತ್ತು ಒಬ್ಬನೇ ನಕ್ಕೊಂಡು ಮನೆಗೆ ಹೋದನಂತೆ. ಆಮೇಲೆ ಪ್ರತಿ ಶನಿವಾರ ಅಂಗೈಯಲ್ಲೇ ಕೇಳ್ತಿದ್ದ.

ಆದ್ರೆ ಅಂಗೈಗೆ ಸದ್ದು ಸಿಗೋದು ಬೈಕು ಹತ್ತಿರ ಬಂದ ಮೇಲೆ. ಮುಂಚೆ ಬೈಕು ಆಲದಮರದ ಹತ್ರ ಇದ್ದಾಗಲೇ ಮೇಲಿರ್ತಿದ್ದ ಕೈ ಈಗ ಬೈಕು ಹಾದುಹೋಗುವಾಗ ಏಳ್ತಿತ್ತು. ಹಾಲೇಶ ಇದನ್ನ ಕಂಡ. ಅಜ್ಜನಿಗೆ ಕಿವಿ ಸ್ವಲ್ಪ ಮಂದ ಆಗಿದೆ ಅಂದ್ಕೊಂಡ. ಕೇಳಿದ್ರೆ ನೊಂದ್ಕೋತಾನೆ ಅಂತ ಕೇಳಲಿಲ್ಲ. ಏನು ಮಾಡಿದ ಗೊತ್ತಾ? ಆಚಾರಿಯ ಸೈಲೆನ್ಸರ್ ಬಿಚ್ಚಿ ಮಂಚದ ಕೆಳಗಿಟ್ಟ. ಡಬ್ಬಿಯಲ್ಲಿ ಮಲಗಿದ್ದ ಪರದೇಶದ್ದನ್ನ ತೆಗೆದು ಹಾಕ್ದ. ದೊಡ್ಡ ಸದ್ದಾದ್ರೆ ಅಜ್ಜನಿಗೆ ದೂರಕ್ಕೇ ಕೇಳುತ್ತೆ ಅಂತ. ಅಯ್ಯೋ ಶಿವನೇ!

ಶನಿವಾರ ಬೈಕು ಕಿರುಚಿಸ್ಕೊಂಡು ಬಂದ. ಕೊಕ್ಕರೆ ಎದ್ದವು, ಊರು ಎದ್ದಿತು, ಆಚಾರಿಯ ಕೈ ಏಳಲಿಲ್ಲ. ಕೀರಲು ಸದ್ದು ಗಾಳಿಗೆ ಹೋಯ್ತು, ಕಲ್ಲು ಸುಮ್ಮನಿತ್ತು. ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಹಾಲೇಶ ಏನಂದ್ಕೊಂಡ? ಅಜ್ಜ ಏಳು ದಿನ ಕೂತು ಮಾಡಿಕೊಟ್ಟಿದ್ದನ್ನ ಕಿತ್ತು ಬಿಸಾಕಿದೆ, ಅದಕ್ಕೇ ಮುನಿಸು, ಇನ್ಯಾವ ಮುಖ ಇಟ್ಕೊಂಡು ಹೋಗಲಿ ಅಂತ. ಆಚಾರಿ ಏನಂದ್ಕೊಂಡ? ಹುಡುಗ ಬರೋದು ಬಿಟ್ಟ ಅಂತ. ಬೆನ್ನ ಹಿಂದೆ ಮೂರು ಮಾರು ದೂರದಲ್ಲೇ ಒಬ್ಬ ಹಾದು ಹೋಗ್ತಿದ್ದಾನೆ, ಇವನು ಅವನಿಗಾಗಿಯೇ ಕಾದು ನಿಂತಿದ್ದಾನೆ. ಒಂದು ಮಾತು ಕೇಳಿದ್ರೆ ಮುಗಿದೇ ಹೋಗ್ತಿತ್ತು. ಕೇಳೋರಿಲ್ಲದೆ ಬೆಳೆದೋನಿಗೆ ಕೇಳೋದು ಬರಲ್ಲ ಕಣ್ರಪ್ಪ. ಹಾಲೇಶ ಏರಿ ದಾರಿ ಬಿಟ್ಟು ಹೈವೇ ಸುತ್ಕೊಂಡು ಹೋಗೋಕೆ ಶುರು ಮಾಡಿದ.

ಎರಡು ತಿಂಗಳಾದ ಮೇಲೆ ಸಣ್ಣನಿಂಗಮ್ಮ ಅವನನ್ನ ಗೇಟಿನ ಹತ್ರ ಹಿಡಿದು ನಿಲ್ಲಿಸಿದಳು. ಕೊಟ್ಟ ಮಾತು ಮುರಿದಳು. ಏನೋ ಕಲ್ಲುಹೃದಯದೋನೇ, ಆ ಮುದುಕನ ಕಿವಿ ಹೋಗಿ ಎಷ್ಟು ದಿನ ಆಯ್ತು ಗೊತ್ತೇನೋ ನಿಂಗೆ, ಅಂತ ಬಯ್ದಳು. ಕಲ್ಲಿಗೆ ಕೈಯಿಟ್ಟು ನಿನ್ನ ಗಾಡಿ ಕೇಳ್ತಿದ್ದ. ಈಗ ಶನಿವಾರ ಅಂತಲೂ ಇಲ್ಲ, ಹುಡುಗ ದಿನ ಬದಲಾಯಿಸಿರಬಹುದು ಅಂತ ದಿನಾ ಸಂಜೆ ನಿಲ್ತಾನೆ. ಒಂದು ಹೊತ್ತು ಉಂಡ್ರೆ ಉಂಡ, ಇಲ್ಲದಿದ್ರೆ ಇಲ್ಲ. ಇಷ್ಟು ಹೇಳಿ ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ಹಾಲೇಶ ಟೀ ಅಲ್ಲೇ ಬಿಟ್ಟು ಓಡಿದ. ರೂಮಿಗೆ ಹೋಗಿ ಮಂಚದ ಕೆಳಗಿಂದ ಸೈಲೆನ್ಸರ್ ಎಳೆದ, ಧೂಳು ಕೂಡ ಒರೆಸದೆ ಹಾಕ್ದ. ಅಷ್ಟೊತ್ತಿಗೆ ಕತ್ತಲಾಗಿತ್ತು, ಮರುದಿನ ಭಾನುವಾರ ಸಂಜೆ ಏರಿ ಹತ್ತಿದ. ದೂರದಲ್ಲಿ ಕಂಬದ ಹತ್ರ ಮುದುಕ ನಿಂತಿದ್ದ, ಮೊದಲಿಗಿಂತ ಕುಗ್ಗಿದ ಹಾಗೆ ಕಂಡ. ತಿರುವಿನಲ್ಲಿ ಗೇರ್ ಇಳಿಸಿ ಒಂದೇ ಒಂದು ಸಲ ಕೊಟ್ಟ. ಗುಮ್.

ಆಚಾರಿಗೆ ಮೊದಲು ಅದು ತನ್ನ ನಾಡಿಯೇ ಬಡ್ಕೊಂಡಿದ್ದು ಅನ್ನಿಸ್ತಂತೆ. ಅಂಗೈ ಒತ್ತಿ ಹಿಡಿದ. ಅಲ್ಲ, ನಾಡಿ ಅಲ್ಲ. ಆಗ ಕೈ ಎತ್ತಿದ. ಎತ್ತಿದ್ದು ಇಳಿಸಲೇ ಇಲ್ಲ, ಹಾಗೇ ಎತ್ತಿಕೊಂಡೇ, ತಿರುಗಿ ನೋಡದೆ, ದಡಬಡ ಅಂತ ಮನೆ ಕಡೆ ನಡೆದ. ಯಾಕೆ ಅಂದ್ರಾ? ಒಲೆ ಹಚ್ಚಬೇಕಿತ್ತು. ಮೋನಮ್ಮ ಹೋದಾಗಿಂದ ಗೋಡೆಗೆ ಒರಗಿಸಿಟ್ಟಿದ್ದ ಹೆಂಚು ಒಲೆಗೆ ಏರಿಸಬೇಕಿತ್ತು. ಹಾಲೇಶ ಈ ಸಲ ಮುಂದೆ ಹೋಗಲಿಲ್ಲ. ಬೈಕು ನಿಲ್ಲಿಸಿ ಕಳ್ಳನ ಹಾಗೆ ಬಾಗಿಲಿಗೆ ಬಂದು ನಿಂತ. ಆಚಾರಿ ವಕ್ರವಕ್ರವಾಗಿ ತಟ್ಟಿದ ರೊಟ್ಟಿ ಹೆಂಚಿನ ಮೇಲೆ ಹಾಕ್ತಾ ಇದ್ದ. ನೆರಳು ಬಿದ್ದದ್ದು ನೋಡಿ ತಲೆ ಎತ್ತಿದ.

"ಬಂದೆಯಾ?" ಅಂದ.

ಹಾಲೇಶನಿಗೆ ಹುಟ್ಟಿದಾಗಿಂದ ಆ ಮಾತು ಯಾರೂ ಕೇಳಿರಲಿಲ್ಲ. ಬಂದೆ ಅಜ್ಜ, ಅಂತ ಅವನು ಅಂದಿದ್ದು ಆಚಾರಿಗೆ ಕೇಳಲಿಲ್ಲ. ಕೇಳೋ ಅಗತ್ಯವೂ ಇರಲಿಲ್ಲ. ರೊಟ್ಟಿ ಒಂದು ಕಡೆ ಸೀದಿತ್ತು. ಇಬ್ಬರೂ ಅದನ್ನೇ ತಿಂದರಂತೆ.

ಓಬಳಾಚಾರಿ ಆಮೇಲೆ ಎಷ್ಟು ವರ್ಷ ಇದ್ದ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅವನು ಹೋದಾಗ ಮಣ್ಣು ಹಾಕಿದ್ದು ಹಾಲೇಶ ಅನ್ನೋದನ್ನ ಮಾತ್ರ ಎಲ್ಲರೂ ಒಪ್ತಾರೆ. ಈಗ ಕುಲುಮೆ ಇಲ್ಲ, ಸೈಲೆನ್ಸರೂ ಇಲ್ಲ. ಕೆರೆ ಏರಿ ಇದೆ, ತೂಬಿನ ಕಂಬ ಇದೆ, ಅದರಲ್ಲಿ ಒಂದು ಅಂಗೈಯಗಲ ಜಾಗ ನುಣ್ಣಗಾಗಿದೆ. ಈಗಲೂ ಆ ದಾರೀಲಿ ಹೋಗೋರು ತಿರುವಿನಲ್ಲಿ ಗಾಡಿ ನಿಧಾನ ಮಾಡ್ತಾರೆ. ಗಾಡಿಗೆ ಸದ್ದಿಲ್ಲವಲ್ಲ, ಅದಕ್ಕೆ ಬಾಯಲ್ಲೇ ಒಂದು ಸಲ, ಹೊಟ್ಟೆಯಿಂದ, ಗುಮ್ ಅಂತಾರೆ. ನಗಬೇಡಿ, ಗಡ್ಡ ಬಿಟ್ಟ ಗಂಡಸರೂ ಅಂತಾರೆ. ಮನೇಲಿ ಯಾರೂ ಇಲ್ಲದೋರು ಇದಕ್ಕೇ ಅಂತ ಸುತ್ಕೊಂಡು ಬರ್ತಾರೆ. ಆಗ ಜಾಲಿಕೆರೆಯೋರು ಯಾರು ಹತ್ತಿರ ಇರ್ತಾರೋ ಅವರು, ಪಾತ್ರೆ ತಿಕ್ತಾ ಇದ್ರೆ ಬೂದಿ ಕೈಯನ್ನೇ, ಮೇಲಕ್ಕೆ ಎತ್ತುತ್ತಾರೆ. ಬಂದೋರು ಯಾರು ಅಂತ ತಿರುಗಿ ನೋಡಲ್ಲ.